ಗುಳ್ಳೆ ಏಳುವ ಮುನ್ನ ಯೀಸ್ಟ್ ಮಾಡುವ ಕೆಲಸ

ಮನೆಯಲ್ಲೇ ಬಿಯರ್ ತಯಾರಿಸಿಕೊಳ್ಳಲು ಅಮೆರಿಕದಲ್ಲಿದ್ದ ಫೆಡರಲ್ ಅಡ್ಡಿ ತೊಲಗಿದ್ದು 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ. ಅಂದಿನಿಂದ ಅಲ್ಲಿ ಲಕ್ಷಾಂತರ ಜನ ಈ ಹವ್ಯಾಸ ಹಿಡಿದಿದ್ದಾರೆ. ಹೊಸಬರು ಮೊದಲು ಕೇಳುವ ಪ್ರಶ್ನೆ ಮಾತ್ರ ಇವತ್ತಿಗೂ ಅದೇ: ಯೀಸ್ಟ್ ಹಾಕಿ ಒಂದು ದಿನವಾಯಿತು, ಗುಳ್ಳೆಯೇ ಬರುತ್ತಿಲ್ಲ, ಯೀಸ್ಟ್ ಸತ್ತುಹೋಯಿತೇ? ಚಳಿಗಾಲದ ಬೆಳಗ್ಗೆ ಉಬ್ಬದ ದೋಸೆಹಿಟ್ಟನ್ನು ನೋಡಿ ಪೆಚ್ಚಾದವರಿಗೆ ಈ ಕಳವಳ ಚೆನ್ನಾಗಿ ಅರ್ಥವಾಗುತ್ತದೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಅದನ್ನು ಹಾಪ್ಸ್ ಹೂವಿನೊಂದಿಗೆ ಕುದಿಸಿ, ಆರಿಸಿ, ಬಕೆಟ್ಟಿಗೆ ಸುರಿದು, ಮೇಲೆ ಒಣ ಯೀಸ್ಟ್ ಉದುರಿಸಿ ಮುಚ್ಚಳ ಬಿಗಿಯುತ್ತಾರೆ. ಸುಮಾರು 20 ಲೀಟರಿಗೆ 11 ಗ್ರಾಮಿನ ಒಂದು ಪೊಟ್ಟಣ ಸಾಕು. ಅದರಲ್ಲೇ ಸಾವಿರಾರು ಕೋಟಿ ಜೀವಕೋಶಗಳಿರುತ್ತವೆ. ಒಳಗಿನ ಅನಿಲವನ್ನು ಗುಳ್ಳೆಯಾಗಿ ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ, ನೀರು ತುಂಬಿದ ಏರ್‌ಲಾಕ್ ಎಂಬ ಪುಟ್ಟ ಕೊಳವೆಯನ್ನು ಮುಚ್ಚಳದ ತೂತಿಗೆ ಸಿಕ್ಕಿಸಿದ ಮೇಲೆ ಎಲ್ಲರ ಕಣ್ಣೂ ಅದರ ಮೇಲೆಯೇ.

ಆದರೆ ಆ ಹೊತ್ತಿನಲ್ಲಿ ಯೀಸ್ಟ್ ಮಲಗಿರುವುದಿಲ್ಲ. ಒಣಗಿ ಮುದುಡಿದ ಕೋಶಗಳು ಮೊದಲು ನೀರು ಹೀರಿಕೊಂಡು, ಕೋಶಪೊರೆಯನ್ನು ಸರಿಪಡಿಸಿಕೊಂಡು, ವರ್ಟ್‌ನಲ್ಲಿರುವ ಸಕ್ಕರೆಗಳನ್ನು ಒಡೆಯಲು ಬೇಕಾದ ಕಿಣ್ವಗಳನ್ನು ಸಿದ್ಧಮಾಡಿಕೊಳ್ಳುತ್ತವೆ. ಹುದುಗುವಿಕೆ ಎಂದರೆ ಗಾಳಿಯಿಲ್ಲದ ಬದುಕು ಎಂದು ಲೂಯಿ ಪಾಶ್ಚರ್ ವಿವರಿಸಿದ್ದರು. ಆದರೂ ಪೂರ್ತಿ ಗಾಳಿಯಿಲ್ಲದೆ ಯೀಸ್ಟ್ ಬಹುಕಾಲ ಬೆಳೆಯಲಾರದು. ಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಅದು ಆಮ್ಲಜನಕವಿದ್ದರಷ್ಟೇ ತಯಾರಿಸಬಲ್ಲದು. ಆಂಡ್ರಿಯಾಸನ್ ಮತ್ತು ಸ್ಟಿಯರ್ ಎಂಬ ಸಂಶೋಧಕರು 1953ರಲ್ಲಿ ಇದನ್ನು ತೋರಿಸಿಕೊಟ್ಟರು. ಪ್ರತಿ ಸಲ ಮರಿಕೋಶ ಹುಟ್ಟಿದಾಗಲೂ ತಾಯಿಕೋಶ ತನ್ನ ಪಾಲಿನ ಎರ್ಗೊಸ್ಟೆರಾಲನ್ನು ಹಂಚಬೇಕು. ದಾಸ್ತಾನು ಕಡಿಮೆಯಾದರೆ ಪೊರೆ ಬಡವಾಗಿ, ಮುಂದೆ ಆಲ್ಕೋಹಾಲ್ ಏರಿದಾಗ ಕೋಶಗಳು ತಾಳಿಕೊಳ್ಳುವುದಿಲ್ಲ. ಆರಿದ ವರ್ಟನ್ನು ಬಕೆಟ್ಟಿಗೆ ಎತ್ತರದಿಂದ ಸುರಿದು ಚೆನ್ನಾಗಿ ಕುಲುಕುವುದು ಇದಕ್ಕೇ. ಕುದಿಸಿದಾಗ ಹೊರಟುಹೋದ ಆಮ್ಲಜನಕವನ್ನು ಹಾಗೆ ಮರಳಿ ತುಂಬುತ್ತಾರೆ.

ಈ ತಯಾರಿಗೆ ಸಾಮಾನ್ಯವಾಗಿ 12ರಿಂದ 24 ಗಂಟೆ ಹಿಡಿಯುತ್ತದೆ. ಆಮೇಲೆ ಹುಟ್ಟುವ ಇಂಗಾಲದ ಡೈಆಕ್ಸೈಡ್ ಕೂಡ ತಕ್ಷಣ ಹೊರಬರುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಲೀಟರ್ ವರ್ಟ್ ಸುಮಾರು ಒಂದೂವರೆ ಗ್ರಾಂ ಅನಿಲವನ್ನು ತನ್ನಲ್ಲೇ ಕರಗಿಸಿಕೊಳ್ಳುತ್ತದೆ. ಅಷ್ಟು ಕರಗಿದ ಮೇಲಷ್ಟೇ ಉಳಿದದ್ದು ಗುಳ್ಳೆಯಾಗುತ್ತದೆ. ಮುಚ್ಚಳದ ಅಂಚು ಸ್ವಲ್ಪ ಸಡಿಲವಾಗಿದ್ದರೂ ಅನಿಲ ಅಲ್ಲೇ ಜಾರಿಕೊಳ್ಳುತ್ತದೆ. ಒಳಗೆ ಹುದುಗು ಭರದಿಂದ ನಡೆದಿದ್ದರೂ ಏರ್‌ಲಾಕ್ ಮಿಸುಕದು. ರಾತ್ರಿ ವರ್ಟ್ ತಣ್ಣಗಾದರಂತೂ ಒಳಗಿನ ಗಾಳಿ ಕುಗ್ಗಿ, ಏರ್‌ಲಾಕಿನ ನೀರನ್ನೇ ಒಳಕ್ಕೆ ಎಳೆದುಕೊಳ್ಳಬಹುದು. ಇಂಥ ಸಾಧನವನ್ನು ಅಳತೆಗೋಲು ಎಂದು ನಂಬುವುದು ಸರಿಯಲ್ಲ.

ನಂಬಬೇಕಾದ್ದು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನು. ಸಕ್ಕರೆ ಕರಗಿದ ರಸ ನೀರಿಗಿಂತ ಸಾಂದ್ರ; ನೀರಿನ ಅಂಕಿ 1.000, ಯೀಸ್ಟ್ ಸಕ್ಕರೆಯನ್ನು ತಿಂದಂತೆ ರಸದ ಅಂಕಿ ಇಳಿಯುತ್ತದೆ. ಯೀಸ್ಟ್ ಹಾಕುವಾಗ 1.050 ತೋರಿಸಿದ್ದು 1.045ಕ್ಕೆ ಇಳಿದಿದ್ದರೆ ಕೆಲಸ ಶುರುವಾಗಿದೆ ಎಂದೇ ಅರ್ಥ. ಅಳೆಯಲು ತೆಗೆದ ರಸವನ್ನು ಮಾತ್ರ ಮತ್ತೆ ಬಕೆಟ್ಟಿಗೆ ಸುರಿಯಬಾರದು. ಒಳಗೆ ತಿಳಿಕಂದು ನೊರೆ ಕಟ್ಟಿ, ಗೋಡೆಗೆ ಅಂಟಂಟಾದ ಕಲೆಗಳು ಹತ್ತಿದ್ದರೆ ಬೂಷ್ಟು ಬಂತೆಂದು ಹೆದರಬೇಕಿಲ್ಲ. ಅದು ಹಾಪ್ಸ್‌ನ ರಾಳ, ಪ್ರೋಟೀನು, ಯೀಸ್ಟ್ ಸೇರಿದ ಕೆನೆ.

ಗಾಬರಿಗೆ ಬಿದ್ದು ಬಕೆಟ್ಟನ್ನು ಹೀಟರಿನ ಪಕ್ಕಕ್ಕೆ ಇಡುವುದು ತಡವಾಗುವುದಕ್ಕಿಂತ ಕೆಟ್ಟದ್ದು. ಏಲ್ ಬಗೆಯ ಬಿಯರಿಗೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಹಿತ. ಅದಕ್ಕಿಂತ ತೀರಾ ಬಿಸಿಯಾದರೆ ಯೀಸ್ಟ್ ಅವಸರದಲ್ಲಿ ಬೆಳೆದು, ಗಂಟಲು ಸುಡುವ ಘಾಟಿನ ಆಲ್ಕೋಹಾಲುಗಳನ್ನು ಹೆಚ್ಚಾಗಿ ಉಂಟುಮಾಡುತ್ತದೆ. ಬಿಯರಿನ ರುಚಿ ಬಹುಪಾಲು ಈ ಮೊದಲ ದಿನಗಳಲ್ಲೇ ನಿರ್ಧಾರವಾಗಿಬಿಡುತ್ತದೆ, ಆಮೇಲೆ ತಿದ್ದುವುದು ಕಷ್ಟ.

72 ಗಂಟೆ ಕಳೆದರೂ ನೊರೆಯಿಲ್ಲ, ಹೈಡ್ರೋಮೀಟರಿನ ಅಂಕಿ ಒಂದಿಷ್ಟೂ ಇಳಿದಿಲ್ಲ ಎಂದಾಗ ಮಾತ್ರ ಯೀಸ್ಟ್ ಕೆಟ್ಟಿತ್ತೆಂದು ತಿಳಿಯಬೇಕು. ವರ್ಟ್ ಹುಳಿವಾಸನೆ ಹೊಡೆಯದಿದ್ದರೆ, ಅವಧಿ ಮೀರದ ಇನ್ನೊಂದು ಪೊಟ್ಟಣ ಉದುರಿಸಿ ಮುಚ್ಚಿಡಬಹುದು.