ಯಾವತ್ತಿನ ಎಂಟು ಗಂಟೆ?

“ಗುಳಿಗಿ ತಪ್ಪದಂಗ ತಗೋತೀರೇನ್ರಿ?” ಎಂದು ಕೇಳಿದರೆ ಈಗೀಗ ಬಾಯಿಂದ ಉತ್ತರ ಬರುವುದಿಲ್ಲ, ಕಿಸೆಯಿಂದ ಮೊಬೈಲ್ ಬರುತ್ತದೆ. “ನೋಡ್ರಿ ಸಾಹೇಬ್ರ, ಎಂಟಕ್ಕ ಗಜರ ಹಚ್ಚೀನಿ.” ಗಜರ ಎಂದರೆ ಅಲಾರಂ. ಪರದೆಯ ಮೇಲೆ ದೊಡ್ಡದಾಗಿ ಎಂಟು ಗಂಟೆ ಕಾಣುತ್ತದೆ. ನಾನು ಆ ಎಂಟನ್ನು ನೋಡುವುದಿಲ್ಲ, ಅದರ ಕೆಳಗಿನ ಸಣ್ಣ ಅಕ್ಷರದ ಸಾಲನ್ನು ನೋಡುತ್ತೇನೆ. ಆಮೇಲೆ ಕೇಳುತ್ತೇನೆ: ಯಾವತ್ತಿನ ಎಂಟು ಗಂಟೆ?

ಬಾಗಲಕೋಟೆಯ ನವನಗರದಲ್ಲಿ ಬಿಪಿ, ಶುಗರ್, ಕೀಲುಬೇನೆ, ಹೃದಯದ ತೊಂದರೆ ಇದ್ದವರನ್ನು ನೋಡುವ ವೈದ್ಯ ನಾನು. ಮೊಬೈಲ್ ರಿಪೇರಿ ನನ್ನ ಕೆಲಸವಲ್ಲ. ಆದರೂ ದಿನಕ್ಕೆ ಏಳೆಂಟು ಮೊಬೈಲ್ ಕೈಯಲ್ಲಿ ಹಿಡಿದು ಗಜರ ತಿದ್ದುತ್ತೇನೆ, ಯಾಕೆಂದರೆ ತಪ್ಪು ಹಚ್ಚಿದ ಗಜರದಿಂದ ಕೆಟ್ಟ ದೇಹಗಳನ್ನೂ ನಾನೇ ನೋಡಬೇಕು. ಗಜರ ಹಚ್ಚುವುದು ಹೇಗೆ ಎಂದು ಇಲ್ಲಿ ಹೇಳುವುದಿಲ್ಲ, ಅದು ಮನೆಯ ಹುಡುಗರಿಗೆಲ್ಲ ಗೊತ್ತು. ಅವರು ಬಿಟ್ಟುಬಿಡುವ ಸಾಲು ಒಂದೇ, ‘ರಿಪೀಟ್’. ಗಂಟೆ, ನಿಮಿಷ, ಹಾಡು ಎಲ್ಲವನ್ನೂ ಆರಿಸುತ್ತಾರೆ. ಮತ್ತೆ ಯಾವಾಗ ಬಡಿಯಬೇಕು ಎಂಬುದನ್ನು ಫೋನಿಗೆ ಹೇಳುವುದೇ ಇಲ್ಲ.

ಹೇಳದಿದ್ದರೆ ಬಹುತೇಕ ಫೋನುಗಳು ಅದನ್ನು ಒಂದೇ ಸಲದ ಗಜರ ಎಂದು ತಿಳಿದುಕೊಳ್ಳುತ್ತವೆ. ಒಮ್ಮೆ ಬಡಿದು ತಾನಾಗಿ ಆಫ್ ಆಗುತ್ತದೆ. ಕೆರೂರು ಕಡೆಯ ಹಿರಿಯರೊಬ್ಬರು ತಲೆಸುತ್ತು ಎಂದು ಬಂದಾಗ ಬಿಪಿ 190/110 ಇತ್ತು. ಹತ್ತು ವರ್ಷದಿಂದ ಒಂದು ದಿನವೂ ಗುಳಿಗೆ ತಪ್ಪಿಸದ ಮನುಷ್ಯ. ಮುಂಜಾನೆ ಚಹಾದ ಕಪ್ಪು ಕೆಳಗಿಟ್ಟ ಕೂಡಲೇ ಗುಳಿಗೆ, ಅದೇ ಅವರ ಲೆಕ್ಕ. ರಜೆಗೆ ಬಂದ ಮೊಮ್ಮಗ ಪ್ರೀತಿಯಿಂದ ಗಜರ ಹಚ್ಚಿ, “ಇನ್ನ ನೀ ನೆನಪಿಟ್ಕೋಬ್ಯಾಡಜ್ಜ, ಇದು ಬಡಿದಾಗ ತಗೋ” ಎಂದು ಹೇಳಿ ಊರಿಗೆ ಹೋಗಿದ್ದ. ಮರುದಿನ ಬಡಿಯಿತು, ಅಜ್ಜ ತಗೊಂಡರು. ಆಮೇಲೆ ಬಡಿಯಲಿಲ್ಲ. “ಬಡೀಲಿಲ್ರಿ, ಅದಕ್ಕ ತಗೊಳ್ಳಿಲ್ಲ” ಎಂದು ನನ್ನ ಮುಂದೆ ಕೂತು ಹೇಳಿದರು. ಅವರ ಮೇಲೆ ಸಿಟ್ಟಾಗುವುದು ಹೇಗೆ? ಕೊಟ್ಟ ಮಾತಿನಂತೆ ಗಜರಕ್ಕಾಗಿ ಕಾಯುತ್ತ ಕೂತಿದ್ದರು. ಚಹಾದ ಜೊತೆಗಿದ್ದ ಹಳೆಯ ರೂಢಿ ಚೆನ್ನಾಗಿ ನಡೆಯುತ್ತಿದ್ದರೆ ಅದನ್ನು ಬಿಡಿಸಬೇಡಿ. ಗಜರ ಬೇಕೆಂದರೆ ರೂಢಿಯ ಜೊತೆಗೆ ಇರಲಿ, ರೂಢಿಯ ಜಾಗದಲ್ಲಿ ಬೇಡ.

ಗುಳಿಗೆ ತಪ್ಪುವುದು ಒಂದು ಬಗೆಯ ಕೇಡು. ನನ್ನ ನಿದ್ದೆ ಕೆಡಿಸುವುದು ಇದರ ಉಲ್ಟಾ, ಅಂದರೆ ವಾರಕ್ಕೊಮ್ಮೆ ತಗೊಳ್ಳಬೇಕಾದದ್ದನ್ನು ದಿನಾಲೂ ತಗೊಳ್ಳುವುದು. ಸಂಧಿವಾತಕ್ಕೆ, ಕೆಲವು ಚರ್ಮರೋಗಕ್ಕೆ ಮೆಥೋಟ್ರೆಕ್ಸೇಟ್ ಎಂಬ ಗುಳಿಗೆ ಕೊಡುತ್ತೇವೆ. ಒಳ್ಳೆಯ ಔಷಧ. ಕೈಬೆರಳು ಮಡಚಲಾಗದೆ ಕೂತವರು ಮತ್ತೆ ರೊಟ್ಟಿ ಬಡಿಯುವಂತೆ ಮಾಡಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಈ ರೋಗಗಳಿಗೆ ಅದು ವಾರದಲ್ಲಿ ಒಂದೇ ದಿನ. ದಿನಾಲೂ ತಗೊಂಡರೆ ಬಾಯಿ ತುಂಬ ಹುಣ್ಣಾಗುತ್ತದೆ, ಅಸ್ಥಿಮಜ್ಜೆ ಹೊಸ ರಕ್ತಕಣ ಮಾಡುವುದನ್ನು ನಿಲ್ಲಿಸುತ್ತದೆ, ಬಿಳಿ ರಕ್ತಕಣ ಕುಸಿದು ಸಣ್ಣ ಸೋಂಕೂ ಜೀವಕ್ಕೆ ಬರುತ್ತದೆ. ಜಗತ್ತಿನ ಹಲವು ಕಡೆ ಈ ತಪ್ಪಿನಿಂದ ಜನ ಸತ್ತಿದ್ದಾರೆ.

ಇಳಕಲ್ಲಿನ ನೇಕಾರ ಮನೆತನದ ಹೆಣ್ಣುಮಗಳೊಬ್ಬರು ಬಂದಾಗ ಬಾಯಿ ಮುಚ್ಚಲೂ ಆಗುತ್ತಿರಲಿಲ್ಲ. ನಾಲ್ಕು ದಿನದಿಂದ ಬರೀ ಮಜ್ಜಿಗೆ. ತುಟಿಯ ಒಳಗೆ, ನಾಲಿಗೆಯ ಅಂಚಿಗೆ ಬಿಳಿಯ ಹುಣ್ಣು. ಮಗ ಮೊಬೈಲ್ ಚಾಚಿದ, “ಒಂದಿನಾನೂ ತಪ್ಪಿಸಿಲ್ರಿ, ನಾನ ಗಜರ ಹಚ್ಚಿಕೊಟ್ಟೀನಿ.” ಗಜರದ ಕೆಳಗೆ ಏಳು ಸಣ್ಣ ಗುಂಡುಗಳಿದ್ದವು, ಏಳೂ ನೀಲಿಯಾಗಿ ಹೊಳೆಯುತ್ತಿದ್ದವು. ಹನ್ನೆರಡು ದಿನ, ಹನ್ನೆರಡು ಗುಳಿಗೆ. ಹುಡುಗನಿಗೆ ತಾಯಿಯ ಮೇಲಿದ್ದ ಕಾಳಜಿಗೆ ಕೊರತೆ ಇರಲಿಲ್ಲ. ಅವನು ಚೀಟಿಯಲ್ಲಿದ್ದ ಇಂಗ್ಲಿಷಿನ ‘ವೀಕ್ಲಿ’ಯನ್ನು ಗಮನಿಸಿರಲಿಲ್ಲ, ಅಂಗಡಿಯಲ್ಲೂ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವರನ್ನು ದಾಖಲು ಮಾಡಿ, ಇದಕ್ಕೆ ಪ್ರತಿಯಾಗಿ ಕೊಡುವ ಫೋಲಿನಿಕ್ ಆ್ಯಸಿಡ್ ಕೊಟ್ಟು, ದಿನಾಲೂ ರಕ್ತ ಪರೀಕ್ಷೆ ಮಾಡಿಸುತ್ತ ಕಾದೆವು. ಉಳಿದರು. ಎಲ್ಲರೂ ಉಳಿಯುತ್ತಾರೆಂದು ನಾನು ಹೇಳಲಾರೆ.

ಅಂದಿನಿಂದ ನಾನು ಚೀಟಿಯ ಮೇಲೆ ‘ವಾರಕ್ಕೊಮ್ಮೆ’ ಎಂದಷ್ಟೇ ಬರೆಯುವುದಿಲ್ಲ. ವಾರದ ಹೆಸರನ್ನೇ ಬರೆಯುತ್ತೇನೆ, ‘ಬೇಸ್ತವಾರ ಮಾತ್ರ’. ಯಾವ ವಾರ ಅನುಕೂಲ ಎಂದು ಅವರನ್ನೇ ಕೇಳುತ್ತೇನೆ. ನಮ್ಮ ಕಡೆ ಸೋಮವಾರ, ಶನಿವಾರ ಹಿಡಿಯುವವರು ಬಹಳ. ಉಪವಾಸದ ದಿನ ಈ ಗುಳಿಗೆ ಬೇಡ, ಖಾಲಿ ಹೊಟ್ಟೆಗೆ ಓಕರಿಕೆ ಹೆಚ್ಚು. ಇದರ ಜೊತೆ ಕೊಡುವ ಹಳದಿ ಫೋಲಿಕ್ ಆ್ಯಸಿಡ್ ಗುಳಿಗೆ ಸಾಮಾನ್ಯವಾಗಿ ಬೇರೆ ದಿನಕ್ಕೆ ಇರುತ್ತದೆ. ಎರಡನ್ನೂ ಒಂದೇ ಗಜರಕ್ಕೆ ಸೇರಿಸಬೇಡಿ. ಎರಡು ಗಜರ ಹಚ್ಚಿ, ಎರಡಕ್ಕೂ ಗುಳಿಗೆಯ ಹೆಸರು ಬರೆಯಿರಿ.

ಈಗ ಆ ಏಳು ಗುಂಡುಗಳ ಮಾತು. ಫೋನಿನ ಭಾಷೆ ಇಂಗ್ಲಿಷ್ ಇದ್ದರೆ ವಾರಗಳ ಮೊದಲ ಅಕ್ಷರವಷ್ಟೇ ಕಾಣುತ್ತದೆ: ಎಸ್, ಎಂ, ಟಿ, ಡಬ್ಲ್ಯೂ, ಟಿ, ಎಫ್, ಎಸ್. ಟಿ ಎರಡು, ಎಸ್ ಎರಡು. ಮಂಗಳವಾರಕ್ಕೂ ಟಿ, ಬೇಸ್ತವಾರಕ್ಕೂ ಟಿ. “ಎರಡೂ ಟಿ ಅದಾವಲ್ರಿ, ಯಾವುದು ಅಂತ ತಿಳೀಲಿಲ್ಲ, ಎರಡೂ ಒತ್ತೀನಿ” ಎಂದು ಕಾಲೇಜು ಓದುವ ಹುಡುಗಿಯೇ ಹೇಳಿದಳು. ಅಜ್ಜಿಗೆ ವಾರಕ್ಕೆ ಎರಡು ಸಲ ಗುಳಿಗೆ ಹೋಗುತ್ತಿತ್ತು. ಸುಲಭದ ದಾರಿ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದು. ಆಗ ಭಾ, ಸೋ, ಮಂ, ಬು, ಗು, ಶು, ಶ ಎಂದು ಬರುತ್ತದೆ, ಗೊಂದಲವೇ ಇಲ್ಲ. ಬೇಸ್ತವಾರವೆಂದರೆ ಗುರುವಾರ, ಅಂದರೆ ‘ಗು’. ಕನ್ನಡಕ್ಕೆ ಬದಲಿಸಿದರೆ ಫೋನ್ ಕೆಡುತ್ತದೆಂದು ಹೆದರುವವರಿದ್ದಾರೆ, ಏನೂ ಕೆಡುವುದಿಲ್ಲ.

ವಾರಕ್ಕೊಮ್ಮೆಯ ಔಷಧಗಳು ಇನ್ನೂ ಇವೆ. 60,000 ಯೂನಿಟ್ಟಿನ ವಿಟಮಿನ್ ಡಿ ಹಲವರಿಗೆ ವಾರಕ್ಕೊಂದರಂತೆ ಎಂಟು ವಾರ ಕೊಡುವ ರೂಢಿ ಇದೆ. ಎಂಟಾದ ಮೇಲೂ ಗಜರ ಬಡಿಯುತ್ತಲೇ ಇದ್ದರೆ ಜನ ನುಂಗುತ್ತಲೇ ಇರುತ್ತಾರೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಗಡಿಯಾರದ ಗಜರಕ್ಕೆ ಕೊನೆ ಎಂಬುದು ಗೊತ್ತಿಲ್ಲ. ಕ್ಯಾಲೆಂಡರ್ ಆ್ಯಪ್‌ಗೆ ಗೊತ್ತು, ಅಲ್ಲಿ ‘ಎಂಡ್ಸ್’ ಎಂಬಲ್ಲಿ ಎಂಟು ಸಲ ಎಂದು ಕೊಡಬಹುದು.

ಗಡಿಯಾರದ ಗಜರ ಬೇರೆ, ಕ್ಯಾಲೆಂಡರಿನ ನೆನಪೋಲೆ ಬೇರೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇಲ್ಲಿ ಓದಿದವರೂ ಎಡವುತ್ತಾರೆ. ಬಹುತೇಕ ಫೋನುಗಳ ಗಡಿಯಾರಕ್ಕೆ ಗೊತ್ತಿರುವುದು ವಾರದ ಏಳು ದಿನಗಳಷ್ಟೇ. ದಿನಾಲೂ, ಅಥವಾ ಇಂಥ ವಾರ. ದಿನ ಬಿಟ್ಟು ದಿನ, ಮೂರು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಅಂಥದ್ದೆಲ್ಲ ಕ್ಯಾಲೆಂಡರಿನಲ್ಲಿ ಹಚ್ಚಬೇಕು.

ಇದನ್ನು ನಾನು ಹಟ ಹಿಡಿದು ಕಲಿಸುವುದು ಪೆನ್ಸಿಲಿನ್ ಸೂಜಿಯ ಮಕ್ಕಳ ಮನೆಯವರಿಗೆ. ಗಂಟಲು ನೋವಿನಿಂದ ಶುರುವಾಗಿ, ಕೀಲು ಬಾತು, ಕೊನೆಗೆ ಹೃದಯದ ಕವಾಟಕ್ಕೆ ಪೆಟ್ಟು ಕೊಡುವ ರುಮ್ಯಾಟಿಕ್ ಜ್ವರ ನಮ್ಮ ಹಳ್ಳಿಗಳಿಂದ ಇನ್ನೂ ಹೋಗಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರದಂತೆ ಬೆಂಜಥೀನ್ ಪೆನ್ಸಿಲಿನ್ ಸೂಜಿ ಮಾಡುತ್ತೇವೆ, 21 ದಿನಕ್ಕೊಮ್ಮೆ, ವರ್ಷಗಟ್ಟಲೆ. ಮೂರು ವಾರ ದಾಟಿದರೆ ರಕ್ತದಲ್ಲಿ ಔಷಧ ಸಾಲದಷ್ಟು ಇಳಿಯುತ್ತದೆ. ಬೀಳಗಿ ತಾಲ್ಲೂಕಿನ ಹುಡುಗನೊಬ್ಬನ ತಂದೆ, ಕಬ್ಬಿನ ಕೆಲಸದ ಮನುಷ್ಯ, ಮಗನನ್ನು ಅಮಾಸಿಯ ಮರುದಿನ ಕರೆತರುತ್ತಿದ್ದ. “ತಿಂಗಳಿಗೊಮ್ಮೆ ಅಂತ ಹೇಳಿದ್ರಲ್ರಿ.” ನಾನು ಹೇಳಿದ್ದು ಮೂರು ವಾರ. ಅವನ ಕಿವಿಗೆ ಬಿದ್ದದ್ದು ತಿಂಗಳು. ಅಮಾಸಿಯಿಂದ ಅಮಾಸಿಗೆ ಇಪ್ಪತ್ತೊಂಬತ್ತೂವರೆ ದಿನ. 21 ದಿನದ ಲೆಕ್ಕದಲ್ಲಿ ವರ್ಷಕ್ಕೆ 17 ಸೂಜಿ, ಅವನ ಲೆಕ್ಕದಲ್ಲಿ ಹನ್ನೆರಡು. ಪ್ರತಿ ತಿಂಗಳೂ ಎಂಟೊಂಬತ್ತು ದಿನ ಹುಡುಗನ ಹೃದಯಕ್ಕೆ ಕಾವಲಿಲ್ಲ.

‘ಮೂರು ವಾರ ಬಿಟ್ಟು ಬಾ’ ಎನ್ನುವುದನ್ನೂ ನಾನು ಬಿಟ್ಟಿದ್ದೇನೆ. ಮೂರು ವಾರ ಪೂರ್ತಿ ಬಿಟ್ಟು ನಾಲ್ಕನೆಯದಕ್ಕೆ ಬರುತ್ತಾರೆ. ‘ಬಿಟ್ಟು’ ಎಂಬ ಮಾತನ್ನು ಅವರು ಸರಿಯಾಗಿಯೇ ತಿಳಿದುಕೊಂಡಿರುತ್ತಾರೆ, ನಾವು ಹೇಳುವುದು ತಪ್ಪು. ಇಪ್ಪತ್ತೊಂದನೆಯ ದಿನ ಎನ್ನಬೇಕು. ಇಪ್ಪತ್ತೊಂದರಲ್ಲಿ ಒಂದು ಅನುಕೂಲವಿದೆ, ಮಂಗಳವಾರ ಸೂಜಿ ಮಾಡಿಸಿದರೆ ಮುಂದಿನದೂ ಮಂಗಳವಾರವೇ ಬೀಳುತ್ತದೆ.

ಗೂಗಲ್ ಕ್ಯಾಲೆಂಡರಿನಲ್ಲಿ ಸೂಜಿ ಮಾಡಿಸಿದ ದಿನದ ಮೇಲೆ ಹೊಸ ಇವೆಂಟ್ ತೆರೆದರೆ ‘ಡಸ್ ನಾಟ್ ರಿಪೀಟ್’ ಎಂಬ ಸಾಲು ಇರುತ್ತದೆ. ಅದನ್ನು ಒತ್ತಿ, ‘ಕಸ್ಟಮ್’ಗೆ ಹೋಗಿ, 3 ಎಂದು ಬರೆದು ‘ವೀಕ್’ ಆರಿಸಿ. ‘ಮಂತ್ಲಿ’ ಒತ್ತಬೇಡಿ. ಇವೆಂಟಿಗೆ ಸಾಮಾನ್ಯವಾಗಿ ಅರ್ಧ ತಾಸು ಮೊದಲು ಸೂಚನೆ ಬರುವಂತೆ ಇರುತ್ತದೆ. ಹಳ್ಳಿಯಿಂದ ಬಸ್ ಹಿಡಿದು ಬರುವವರಿಗೆ ಅದರಿಂದ ಉಪಯೋಗವಿಲ್ಲ, ಒಂದು ದಿನ ಮೊದಲಿನದನ್ನೂ ಸೇರಿಸಿ. ಐಫೋನ್ ಇದ್ದವರಿಗೆ 2022ರಿಂದ ಹೆಲ್ತ್ ಆ್ಯಪ್‌ನಲ್ಲೇ ಔಷಧಗಳಿಗೆ ಪ್ರತ್ಯೇಕ ವಿಭಾಗವಿದೆ. ಕೆಲವು ಫೋನುಗಳಲ್ಲಿ ಬ್ಯಾಟರಿ ಉಳಿತಾಯದ ವ್ಯವಸ್ಥೆ ಆ್ಯಪ್ ಸೂಚನೆಗಳನ್ನು ತಡೆಯುತ್ತದೆ, ಹಚ್ಚಿದ ಮೇಲೆ ಒಂದು ಸಲ ಪರೀಕ್ಷಿಸಿ ನೋಡಿ. ಬನಹಟ್ಟಿಯ ಪವರ್‌ಲೂಮ್ ಕೆಲಸದವರೊಬ್ಬರಿಗೆ ಮಗ್ಗದ ಸದ್ದಿನಲ್ಲಿ ಯಾವ ಗಜರವೂ ಕೇಳಿಸುತ್ತಿರಲಿಲ್ಲ. ವೈಬ್ರೇಶನ್ ಹಾಕಿ ಎದೆಯ ಕಿಸೆಯಲ್ಲಿ ಇಟ್ಟುಕೊಳ್ಳಿ ಎಂದೆ, ಈಗ ತಪ್ಪುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಶುಗರ್ ಇದ್ದವರಿಗೆ. ಗ್ಲಿಮೆಪಿರೈಡ್‌ನಂಥ ಗುಳಿಗೆ, ಇನ್ಸುಲಿನ್ ಇವು ಊಟಕ್ಕೆ ಕಟ್ಟಿಕೊಂಡವು, ಗಂಟೆಗಲ್ಲ. ಏಕಾದಶಿಯ ದಿನವೂ ಗಜರ ಎಂದಿನಂತೆ ಬಡಿಯುತ್ತದೆ. ನೀವು ಉಂಡಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ಬಡಿಯಿತೆಂದು ಗುಳಿಗೆ ನುಂಗಿ, ಬೆವತು, ಕೈ ನಡುಗಿ, ಪ್ರಜ್ಞೆ ತಪ್ಪಿ ಬಂದವರನ್ನು ನೋಡಿದ್ದೇನೆ. ಉಪವಾಸ ಹಿಡಿಯುವವರು ಆ ದಿನ ಏನು ಮಾಡಬೇಕೆಂದು ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ತಪ್ಪಿದ ಗುಳಿಗೆಗೆ ಬದಲಾಗಿ ಎರಡು ನುಂಗುವುದೂ ಬೇಡ. ನಾನು ಇಲ್ಲಿ ಬರೆದ ವಾರ, ದಿನಗಳನ್ನು ನೋಡಿ ನಿಮ್ಮ ಚೀಟಿಯನ್ನು ನೀವೇ ಬದಲಿಸಬೇಡಿ, ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ.

ಬೀಳಗಿಯ ಆ ತಂದೆಗೆ ಕ್ಯಾಲೆಂಡರ್ ಕಲಿಸುವಾಗ ಫೋನನ್ನು ನಾನು ಮುಟ್ಟಲಿಲ್ಲ. ಕಬ್ಬಿನ ಎಲೆ ಕೊಯ್ದ ಗೆರೆಗಳಿದ್ದ ದಪ್ಪ ಬೆರಳು ಎರಡು ಸಲ ತಪ್ಪು ಜಾಗಕ್ಕೆ ಬಿತ್ತು, ಮೂರನೆಯ ಸಲ ಸರಿ ಬಿತ್ತು. ತಿಂಗಳಾದ ಮೇಲೆ ತಿಂಗಳು ಸರಿಸಿ, ಮಂಗಳವಾರಗಳ ಮೇಲೆ ಬಿದ್ದ ಬಣ್ಣದ ಗುರುತುಗಳನ್ನು ಎಣಿಸಿದ. ಆಮೇಲೆ ಕೇಳಿದ, “ಸಾಹೇಬ್ರ, ಕಬ್ಬು ಕಡಿಯೋ ಸುಗ್ಗಿ ಇರ್ತೈತಿ. ನಾಕು ದಿನ ತಡ ಆತಂದ್ರ?”

ತಡವಾದರೂ ತಪ್ಪಿಸದೆ ಬಾ, ಬಂದು ಸೂಜಿ ಮಾಡಿಸು ಎಂದೆ. ಆದರೆ ಕ್ಯಾಲೆಂಡರಿಗೆ ನೀನು ತಡವಾಗಿ ಬಂದದ್ದು ತಿಳಿಯುವುದಿಲ್ಲ, ಅದು ಹಳೆಯ ಮಂಗಳವಾರಗಳನ್ನೇ ಹೇಳುತ್ತಿರುತ್ತದೆ. ಅವತ್ತು ಹಳೆಯದನ್ನು ಅಳಿಸಿ, ಸೂಜಿ ಮಾಡಿಸಿದ ದಿನದಿಂದ ಹೊಸದಾಗಿ ಹಚ್ಚಬೇಕು. ಮೊದಲೇ ಗೊತ್ತಿದ್ದರೆ ಒಂದೆರಡು ದಿನ ಮುಂಚೆ ಬಾ, ಹಿಂದೆ ಬೀಳಬೇಡ. ತಂದೆ ತಲೆಯಾಡಿಸಿದ. ಹುಡುಗ ಅಪ್ಪನ ಕೈಯಿಂದ ಫೋನ್ ಇಸಕೊಂಡು, ಸುಗ್ಗಿಯ ನಡುವೆ ಬೀಳುವ ಗುರುತುಗಳು ಎಷ್ಟೆಂದು ಅಲ್ಲೇ ಬೆಂಚಿನ ಮೇಲೆ ಕೂತು ನೋಡತೊಡಗಿದ.