ಒಂದು ಸೆಂಟಿಮೀಟರ್‌ಗೆ ಚಿನ್ನ ಕೈತಪ್ಪಿದ್ದು ಹೇಗೆ?

ಪ್ರಶ್ನೆ: 1984ರ ಒಲಿಂಪಿಕ್ಸ್‌ನಲ್ಲಿ ರೊಮೇನಿಯಾದ ಮಿಹೇಲಾ ಲೋಗಿನ್ ಬರೀ ಒಂದು ಸೆಂಟಿಮೀಟರ್ ಅಂತರದಲ್ಲಿ ಗುಂಡು ಎಸೆತದ ಚಿನ್ನ ಕಳೆದುಕೊಂಡರಂತೆ. ಮಣ್ಣಿನಲ್ಲಿ ಬಿದ್ದ ಕುಳಿ ನೋಡಿ ಒಂದು ಸೆಂಟಿಮೀಟರ್ ವ್ಯತ್ಯಾಸವನ್ನು ಅಷ್ಟು ಖಚಿತವಾಗಿ ಹೇಳಲು ಆಗುತ್ತದೆಯೇ?

ಆಗುತ್ತದೆ. ಆದರೆ ಆ ಒಂದು ಸೆಂಟಿಮೀಟರ್ ನಿಜಕ್ಕೂ ಎಷ್ಟಿತ್ತು ಎಂಬುದು ಬೇರೆ ಮಾತು.

ಲಾಸ್ ಏಂಜಲೀಸ್‌ನಲ್ಲಿ ಪಶ್ಚಿಮ ಜರ್ಮನಿಯ ಕ್ಲೌಡಿಯಾ ಲಾಶ್ 20.48 ಮೀಟರ್ ಎಸೆದರು, ಲೋಗಿನ್ 20.47. ಮೂರನೆಯವರಾದ ಆಸ್ಟ್ರೇಲಿಯಾದ ಗೇಲ್ ಮಾರ್ಟಿನ್ 19.19ರಲ್ಲಿ ಉಳಿದರು. ಮೊದಲಿನಿಬ್ಬರ ನಡುವೆ ಬೆರಳಗಲವೂ ಇಲ್ಲ, ಅವರ ಹಿಂದೆ ಒಂದು ಮೀಟರಿಗೂ ಮಿಕ್ಕಿದ ಖಾಲಿ ಜಾಗ. ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಜೆಕೊಸ್ಲೊವಾಕಿಯಾ ಆ ಕೂಟವನ್ನು ಬಹಿಷ್ಕರಿಸಿದ್ದವು. ಸೋವಿಯತ್ ನೇತೃತ್ವದ ಸೇನಾ ಕೂಟವಾದ ವಾರ್ಸಾ ಒಪ್ಪಂದದ ದೇಶಗಳಲ್ಲಿ ರೊಮೇನಿಯಾ ಒಂದೇ ಮಾಸ್ಕೋ ಮಾತು ಮೀರಿ ಬಂದಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ 22.53 ಮೀಟರ್ ಎಸೆದು ವಿಶ್ವದಾಖಲೆ ಬರೆದಿದ್ದ ಸೋವಿಯತ್ ಒಕ್ಕೂಟದ ನತಾಲ್ಯಾ ಲಿಸೊವ್‌ಸ್ಕಾಯಾ ಕಣದಲ್ಲಿ ಇರಲಿಲ್ಲ. ಹಾಗಾಗಿ 32 ವರ್ಷದ ಲೋಗಿನ್‌ಗೆ ಚಿನ್ನದ ದಾರಿ ಅಷ್ಟು ಹತ್ತಿರ ಬಂದಿತ್ತು.

ಈಗ ಅಳತೆಗೆ ಬರೋಣ. ಎಸೆತದ ವೃತ್ತದ ಒಳವ್ಯಾಸ 2.135 ಮೀಟರ್. ಅದರ ಮುಂಭಾಗದಲ್ಲಿ 10 ಸೆಂ.ಮೀ. ಎತ್ತರದ ಬಿಳಿ ಮರದ ಹಲಗೆ ಇರುತ್ತದೆ, ಸ್ಟಾಪ್ ಬೋರ್ಡ್. ಗುಂಡು ಬಿದ್ದ ಕುಳಿಯಲ್ಲಿ ವೃತ್ತಕ್ಕೆ ಅತಿ ಹತ್ತಿರದ ಅಂಚಿಗೆ ನಿರ್ಣಾಯಕರು ಮುಳ್ಳು ಚುಚ್ಚುತ್ತಾರೆ. ಕುಳಿಯ ನಡುವಿಗಲ್ಲ. ಟೇಪಿನ ಸೊನ್ನೆ ಇರುವುದು ಆ ಮುಳ್ಳಿನ ಬಳಿ. ಇನ್ನೊಂದು ತುದಿಯನ್ನು ವೃತ್ತದ ಕೇಂದ್ರಬಿಂದುವಿನ ಮೇಲೆ ಹಾಯಿಸಿ ಬಿಗಿಯಾಗಿ ಎಳೆದು, ವೃತ್ತದ ಒಳ ಅಂಚಿನಲ್ಲಿ ಅಂಕಿ ಓದುತ್ತಾರೆ. ಲೇಸರ್ ಉಪಕರಣ ಬಂದರೂ ನಿಯಮ ಇದೇ.

ಶಾಲಾ ಕೂಟಗಳಲ್ಲಿ ಹೆಚ್ಚು ತಪ್ಪುವುದು ಕೇಂದ್ರದ ವಿಷಯದಲ್ಲೇ. ಗುಂಡು ಸೆಕ್ಟರ್‌ನ (ಅದು ಬೀಳಬೇಕಾದ ಬೀಸಣಿಗೆ ಆಕಾರದ ಜಾಗದ) ಬದಿಯ ಗೆರೆಯ ಹತ್ತಿರ ಬಿದ್ದಾಗಲೂ ಟೇಪನ್ನು ನೇರವಾಗಿ ಹಲಗೆಯ ನಡುವಿಗೆ ಎಳೆದು ಓದಿಬಿಡುತ್ತಾರೆ. ಸೆಕ್ಟರ್‌ನ ಈಗಿನ ಕೋನ 34.92 ಡಿಗ್ರಿ. ಅದರ ಅಂಚಿನಲ್ಲಿ ಬಿದ್ದ 20.47ರ ಎಸೆತ ಹೀಗೆ ಅಳೆದರೆ 20.52 ಆಗುತ್ತದೆ, ಅಂದರೆ ಐದು ಸೆಂಟಿಮೀಟರ್ ಬಿಟ್ಟಿ ಲಾಭ. ಟೇಪು ಜೋತುಬಿದ್ದರೂ ಅಂಕಿ ಹೆಚ್ಚಾಗಿಯೇ ಬರುತ್ತದೆ. ಅಳತೆ ಸರಿಯಿಲ್ಲದ ಕೂಟದಲ್ಲಿ ಪದಕದ ಬಣ್ಣವನ್ನು ಟೇಪು ಹಿಡಿದವರ ಕೈ ನಿರ್ಧರಿಸುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನು ಅಂಕಿ ಬರೆಯುವ ಕ್ರಮ. ಪೂರ್ಣ ಸೆಂಟಿಮೀಟರ್ ಆಗದ ಅಳತೆಯನ್ನು ಕೆಳಗಿನ ಸೆಂಟಿಮೀಟರ್‌ಗೆ ಇಳಿಸುತ್ತಾರೆ, ಮೇಲಕ್ಕೆ ಏರಿಸುವುದಿಲ್ಲ. 20.479 ಬಂದರೂ ಬರೆಯುವುದು 20.47. ಹಾಗೆ ನೋಡಿದರೆ ಲೋಗಿನ್ ಮತ್ತು ಲಾಶ್ ನಡುವಿನ ನಿಜವಾದ ಅಂತರ ಕೂದಲೆಳೆಯಷ್ಟೂ ಇದ್ದಿರಬಹುದು, ಎರಡು ಸೆಂಟಿಮೀಟರ್‌ಗೆ ತುಸು ಕಡಿಮೆಯೂ ಇದ್ದಿರಬಹುದು. ದಾಖಲೆ ಪುಸ್ತಕದಲ್ಲಿ ಎರಡಕ್ಕೂ ಕಾಣುವುದು ಅದೇ ಒಂದು ಸೆಂಟಿಮೀಟರ್.

ಅಷ್ಟು ಚಿಕ್ಕ ಅಂತರ ಎಸೆತದ ಯಾವ ಘಟ್ಟದಲ್ಲಿ ಸೋರಿಹೋಗುತ್ತದೆ? ಮಹಿಳೆಯರ ಗುಂಡು 4 ಕೆ.ಜಿ. ತೂಕದ್ದು. ಅದು ಇಪ್ಪತ್ತು ಮೀಟರ್ ಆಸುಪಾಸು ಹೋಗಬೇಕಾದರೆ ಕೈಬಿಡುವಾಗ ಸೆಕೆಂಡಿಗೆ ಸುಮಾರು 13.4 ಮೀಟರ್ ವೇಗ ಬೇಕು. ಆ ಮಟ್ಟದಲ್ಲಿ ವೇಗ ಸೆಕೆಂಡಿಗೆ 0.1 ಮೀಟರ್ ಏರಿದರೆ ದೂರ 26 ಸೆಂ.ಮೀ. ಹೆಚ್ಚುತ್ತದೆ. ಒಂದು ಸೆಂಟಿಮೀಟರ್‌ಗೆ ಬೇಕಾದ ಹೆಚ್ಚುವರಿ ವೇಗ ಸೆಕೆಂಡಿಗೆ ನಾಲ್ಕು ಮಿಲಿಮೀಟರ್ ಅಷ್ಟೆ. ಗುಂಡು ಬಿಡುವ ಎತ್ತರ ಒಂದು ಸೆಂಟಿಮೀಟರ್ ತಗ್ಗಿದರೆ ದೂರವೂ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ತಗ್ಗುತ್ತದೆ. ಮುಂಗಾಲಿನ ಮಂಡಿ ಕೊನೆ ಕ್ಷಣದಲ್ಲಿ ಪೂರ್ತಿ ಸೆಟೆಯದಿದ್ದರೆ ಅಷ್ಟು ಎತ್ತರ ಹೋದಂತೆಯೇ.

ಎಲ್ಲಕ್ಕಿಂತ ಬೇಸರದ ನಷ್ಟ ಪಾದದ್ದು. ಅಳತೆ ಶುರುವಾಗುವುದು ಹಲಗೆಯ ಒಳ ಮುಖದಿಂದ, ಕಾಲಿಟ್ಟ ಜಾಗದಿಂದ ಅಲ್ಲ. ಮುಂಗಾಲು ಹಲಗೆಯಿಂದ ಐದು ಸೆಂ.ಮೀ. ಹಿಂದೆ ನಿಂತರೆ, ಉಳಿದದ್ದೆಲ್ಲ ಸರಿಯಿದ್ದರೂ ಐದು ಸೆಂ.ಮೀ. ಹೋಯಿತು. ಫೌಲ್ ಆಗುವ ಭಯಕ್ಕೆ ಹಲವರು ಹೀಗೆ ಹಿಂದೆ ಉಳಿಯುತ್ತಾರೆ. ನಿಜವಾಗಿ ಹಲಗೆಯ ಒಳ ಬದಿಗೆ ಪಾದ ತಾಗಬಹುದು, ಅದರ ಮೇಲೆ ತಾಗಿದರೆ ಮಾತ್ರ ಕೆಂಪು ಬಾವುಟ. ಅಭ್ಯಾಸದಲ್ಲಿ ಪಾದದ ಪಕ್ಕವನ್ನು ಹಲಗೆಗೆ ಒತ್ತಿಯೇ ಎಸೆದು ರೂಢಿ ಮಾಡಿಕೊಂಡವರಿಗೆ ಸ್ಪರ್ಧೆಯಲ್ಲಿ ಆ ಅಂಜಿಕೆ ಕಡಿಮೆ.

ಲೋಗಿನ್ ವಿಷಯದಲ್ಲಿ ಇನ್ನೊಂದು ಅಂಕಿಯನ್ನೂ ನೋಡಬೇಕು. ಅದೇ ವರ್ಷ ಜೂನ್‌ನಲ್ಲಿ ಇಟಲಿಯ ಫಾರ್ಮಿಯಾದಲ್ಲಿ ಅವರು ಸರಿಯಾಗಿ 21.00 ಮೀಟರ್ ಎಸೆದಿದ್ದರು, ಅವರ ಜೀವನಶ್ರೇಷ್ಠ ಎಸೆತ. ಲಾಸ್ ಏಂಜಲೀಸ್‌ನ ಎಸೆತ ಅದಕ್ಕಿಂತ 53 ಸೆಂ.ಮೀ. ಕಡಿಮೆ. ಬೆಳ್ಳಿಯ ಕತೆ ಹೇಳುವಾಗ ಎಲ್ಲರೂ ಆ ಒಂದು ಸೆಂಟಿಮೀಟರನ್ನೇ ಹಿಡಿದುಕೊಳ್ಳುತ್ತಾರೆ, ಈ 53ರ ಮಾತು ಯಾರೂ ಎತ್ತುವುದಿಲ್ಲ. ಕೋಚ್ ಆದವರು ಮೊದಲು ನೋಡಬೇಕಾದದ್ದು ಇದನ್ನೇ.

ಇಬ್ಬರೂ 20.48 ಎಸೆದಿದ್ದರೆ ಏನಾಗುತ್ತಿತ್ತು ಎಂದೂ ಕೆಲವರು ಕೇಳುತ್ತಾರೆ. ಆಗ ಇಬ್ಬರ ಎರಡನೇ ಉತ್ತಮ ಎಸೆತ ನೋಡುತ್ತಾರೆ, ಅದೂ ಸಮವಾದರೆ ಮೂರನೆಯದು. ಹಾಗಾಗಿ ಒಂದು ದೊಡ್ಡ ಎಸೆತ ಬಿದ್ದ ಮೇಲೆ ಉಳಿದ ಅವಕಾಶಗಳನ್ನು ಬಿಟ್ಟುಕೊಡುವುದು ತಪ್ಪು ಲೆಕ್ಕ.