ಪದ ಪರಿಚಯ: ಧ್ವಜದ ಗೌರವಯುತ ವಿಲೇವಾರಿ

‘ವಿಲೇವಾರಿ’ ಅಂದ ಕೂಡಲೇ ನಮಗೆ ನೆನಪಾಗುವುದು ಕಸ. ಇಲ್ಲವೇ ಕಚೇರಿಯಲ್ಲಿ ಬಾಕಿ ಬಿದ್ದ ಅರ್ಜಿ. ಅದೇ ಪದ ರಾಷ್ಟ್ರಧ್ವಜದ ಪಕ್ಕ ಬಂದರೆ ಕಿವಿಗೆ ಚುಚ್ಚುತ್ತದೆ, ಅಲ್ವಾ? ದೀಪ ಆರಿಸು ಅನ್ನಲು ಬಾಯಿ ಬಾರದೆ ‘ದೀಪ ಶಾಂತ ಮಾಡು’ ಅನ್ನುವ ಜನ ನಾವು. ‘ವಿಲೇವಾರಿ’ಯ ಹಿಂದೆ ‘ಗೌರವಯುತ’ ಸೇರಿಕೊಂಡದ್ದೂ ಅಂಥದ್ದೇ ಅಳುಕಿನಿಂದ ಅನ್ನಿಸುತ್ತದೆ. ಹರಿದ, ಮಾಸಿದ, ಇನ್ನು ಹಾರಿಸಲು ಬಾರದ ಧ್ವಜಕ್ಕೆ ಅದರ ಮಾನ ಕೆಡದಂತೆ ಕೊನೆ ಕಾಣಿಸುವುದು ಎಂದು ಇದರ ಅರ್ಥ.

ಧ್ವಜ ಹರಿಯುವುದು ಸಹಜ. ಹಗ್ಗದ ಕಡೆ ಹೊಲಿಗೆ ಗಟ್ಟಿಯಾಗಿಯೇ ಇರುತ್ತದೆ. ಗಾಳಿಗೆ ಪಟಪಟ ಬಡಿದುಕೊಳ್ಳುವ ತುದಿ ಮೊದಲು ಸವೆದು, ಎಳೆ ಬಿಟ್ಟು, ನೂಲು ಜೋತಾಡುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಹೊಲಿದ ಖಾದಿ ಧ್ವಜಕ್ಕೂ ಇದು ತಪ್ಪಿದ್ದಲ್ಲ. ಆದರೆ ಹರಿದದ್ದನ್ನು ಹಾಗೇ ಹಾರಲು ಬಿಡಬಾರದು.

ಮುಂದೇನು ಮಾಡಬೇಕು ಅನ್ನುವುದು 2002ರ ಜನವರಿ 26ರಂದು ಜಾರಿಗೆ ಬಂದ ಭಾರತದ ಧ್ವಜ ಸಂಹಿತೆಯಲ್ಲಿದೆ. ಹಾಳಾದ ಧ್ವಜವನ್ನು ಇಡಿಯಾಗಿ, ಖಾಸಗಿಯಾಗಿ, ಸಾಧ್ಯವಾದರೆ ಸುಟ್ಟು, ಇಲ್ಲವೇ ಅದರ ಘನತೆಗೆ ಒಪ್ಪುವ ಬೇರೆ ರೀತಿಯಲ್ಲಿ ನಾಶ ಮಾಡಬೇಕು.

‘ಇಡಿಯಾಗಿ’, ‘ಖಾಸಗಿಯಾಗಿ’ ಎಂಬ ಎರಡು ಮಾತಲ್ಲೇ ಇದರ ಜೀವ ಇದೆ. ಮನೆಯಲ್ಲಿ ಹಳೇ ಪಂಚೆ ಹರಿದರೆ ಒರೆಸೋ ಬಟ್ಟೆ ಆಗುತ್ತದೆ. ಅದು ನಮ್ಮ ಒಳ್ಳೆಯ ಅಭ್ಯಾಸವೇ. ಧ್ವಜಕ್ಕೆ ಮಾತ್ರ ಅದು ಸಲ್ಲದು. ತುದಿಯಷ್ಟೇ ಹರಿದಿದೆ, ಉಳಿದ ಬಟ್ಟೆ ಚೆನ್ನಾಗಿದೆ ಅಂತ ಕತ್ತರಿಸಿ ಬೇರೆ ಕೆಲಸಕ್ಕೆ ಬಳಸುವಂತಿಲ್ಲ.

ಇನ್ನು ‘ಖಾಸಗಿ’. ಸಾರ್ವಜನಿಕ ಜಾಗದಲ್ಲಿ ಅಥವಾ ಜನರ ಕಣ್ಣೆದುರು ಧ್ವಜ ಸುಡುವುದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯಡಿ ಅಪರಾಧ. 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಹಾಗಾಗಿ ವಿಡಿಯೊ ಮಾಡಿ ಹಂಚುವುದೂ ಬೇಡ. ಧ್ವಜವನ್ನು ಮಡಿಸಿ, ಹಿತ್ತಲಲ್ಲಿ ಶುಚಿಯಾದ ಜಾಗ ನೋಡಿ, ಪೂರ್ತಿ ಬೂದಿಯಾಗುವವರೆಗೆ ಪಕ್ಕದಲ್ಲೇ ನಿಲ್ಲಿ. ಅರ್ಧ ಸುಟ್ಟು ಎದ್ದುಹೋಗಬೇಡಿ.

ಖಾದಿಯಾದರೆ ಇದು ಸುಲಭ. ಧ್ವಜ ಸಂಹಿತೆಗೆ 2021ರ ಡಿಸೆಂಬರ್‌ನಲ್ಲಿ ಆದ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಧ್ವಜಗಳೂ ಬಂದಿವೆ. ಅವು ಬೆಂಕಿಯಲ್ಲಿ ಕರಗಿ ಅಂಟಾಗುತ್ತವೆ, ಕೆಟ್ಟ ಹೊಗೆ ಬರುತ್ತದೆ. ಅಂಥದ್ದನ್ನು ಮಡಿಸಿ, ಯಾರೂ ತುಳಿಯದ ಕಡೆ ಮಣ್ಣು ಮಾಡುವುದೇ ಮೇಲು ಅಂತ ನನಗನ್ನಿಸುತ್ತದೆ.

ಸರ್ಕಾರಿ ಗೌರವದ ಅಂತ್ಯಕ್ರಿಯೆಯಲ್ಲಿ ಪಾರ್ಥಿವ ಶರೀರಕ್ಕೆ ಹೊದಿಸಿದ ಧ್ವಜದ ವಿಷಯ ಬೇರೆ. ಅದನ್ನು ಚಿತೆಗಾಗಲಿ ಗುಂಡಿಗಾಗಲಿ ಹಾಕುವುದಿಲ್ಲ, ಮೊದಲೇ ತೆಗೆಯುತ್ತಾರೆ.

ಹೆಚ್ಚು ಸಂಕಟವಾಗುವುದು ಆಗಸ್ಟ್ 15ರ ಮಧ್ಯಾಹ್ನ. ಬೆಳಿಗ್ಗೆ ಮಕ್ಕಳ ಕೈಯಲ್ಲಿದ್ದ ಕಾಗದದ ಧ್ವಜಗಳು ಚಾಕೊಲೇಟ್ ಕವರ್ ಜೊತೆ ಚರಂಡಿ ಪಕ್ಕ ಒದ್ದೆಯಾಗಿ ಬಿದ್ದಿರುತ್ತವೆ. ಅವನ್ನು ನೆಲಕ್ಕೆ ಎಸೆಯಬಾರದು ಅಂತಲೂ ಸಂಹಿತೆ ಹೇಳುತ್ತದೆ. ಶಾಲೆ ಗೇಟಿನ ಹತ್ತಿರ ಒಂದು ಶುಚಿಯಾದ ರಟ್ಟಿನ ಪೆಟ್ಟಿಗೆ ಇಟ್ಟು, ಮನೆಗೆ ಹೋಗುವ ಮಕ್ಕಳಿಂದ ಧ್ವಜ ಅದರಲ್ಲಿ ಇಡಿಸಿದರೆ ಸಾಕು.